ಕಲಬುರಗಿಯ ಹುಡುಗಿ ಪಿಯಾನೊ ಕಲಾವಿದೆ ಆಗಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ್ರಿ. ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಾಗ ಲೆಕ್ಕ ಬರೀತೀನಿ. ಮಗಳಿಗೆ 11 ವರ್ಷ, ಆರನೇ ಕ್ಲಾಸ್. ಎರಡು ವರ್ಷದಿಂದ ಭಜನೆ ಮಾಸ್ತರ ಹತ್ರ ಪೇಟಿ (ಹಾರ್ಮೋನಿಯಂ) ಕಲೀಲಾಕತ್ತಾಳ. ಮನ್ಯಾಗ ಸಣ್ಣದೊಂದು ಕೀಬೋರ್ಡ್ ಅದ. ಮೊಬೈಲಿನಾಗ ಪಿಯಾನೊ ಕಾರ್ಯಕ್ರಮ ನೋಡಿ ನೋಡಿ ‘ನಾನೂ ಇದೇ ಆಗ್ತೀನಿ’ ಅಂತ ಹಟ ಹಿಡದಾಳ. ಅದೆಂಥ ಕೆಲಸ, ಅದರಿಂದ ಹೊಟ್ಟಿ ತುಂಬ್ತದೇನ್ರಿ? ಈಗ ಶುರು ಮಾಡಿದ್ರ ತಡ ಆಯ್ತಾ? ಪಿಯಾನೊ ತಗೋಬೇಕಾ? ಸಾಲಿ ಬಿಡಿಸಬೇಕಾ? ಪೇಟಿ ಬಿಡಿಸಬೇಕಾ? ಸುಳ್ಳು ಧೈರ್ಯ ಮಾತ್ರ ಹೇಳಬ್ಯಾಡ್ರಿ.

ಉತ್ತರ: ನಮಸ್ಕಾರ ಸರ್. ಸುಳ್ಳು ಧೈರ್ಯ ಬೇಡ ಅಂದಿರಲ್ಲ, ಹಾಗಾದರೆ ಕಹಿ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಊರೂರು ತಿರುಗಿ ವೇದಿಕೆ ಮೇಲೆ ಪಿಯಾನೊ ನುಡಿಸಿ, ಅದೊಂದರಲ್ಲೇ ಸಂಸಾರ ನಡೆಸುವವರು ಇಡೀ ಜಗತ್ತಿನಲ್ಲೇ ಬಹಳ ಕಡಿಮೆ. ಭಾರತದಲ್ಲಂತೂ ಬೆರಳೆಣಿಕೆ. ಆದರೆ ಪಿಯಾನೊ ನಂಬಿಕೊಂಡು ಮರ್ಯಾದೆಯಿಂದ ಬದುಕುವವರು ಅದಕ್ಕಿಂತ ಎಷ್ಟೋ ಜಾಸ್ತಿ. ಹದಿನೈದು ಹದಿನಾರರ ತನಕ ಈ ಇಬ್ಬರ ಕಲಿಕೆಯೂ ಒಂದೇ. ಹಾಗಾಗಿ ಮಗಳು ಕಲಾವಿದೆ ಆಗುತ್ತಾಳೋ ಇಲ್ಲವೋ ಅನ್ನೋದನ್ನು ನೀವು ಈ ವರ್ಷ ತೀರ್ಮಾನ ಮಾಡಬೇಕಾಗಿಲ್ಲ. ಈ ವರ್ಷ ಮಾಡಬೇಕಾದ ಕೆಲಸ ಒಂದೇ: ಅವಳ ಕೈ ನೋಡಿ ತಿದ್ದುವ ಒಬ್ಬ ಒಳ್ಳೆಯ ಗುರುವನ್ನು ಹುಡುಕೋದು. ಉಳಿದದ್ದೆಲ್ಲ ಆಮೇಲೆ.

ಮೊದಲು ಅದೆಂಥ ಕೆಲಸ ಅನ್ನೋದು. ಮೊಬೈಲಿನಲ್ಲಿ ಕಾಣೋದು ಕಪ್ಪು ಪಿಯಾನೊ, ದೀಪ, ಚಪ್ಪಾಳೆ. ಒಬ್ಬರೇ ನುಡಿಸುವ ಕಾರ್ಯಕ್ರಮ ಅಂದರೆ ಒಂದೂಕಾಲರಿಂದ ಒಂದೂವರೆ ಗಂಟೆಯ ಸಂಗೀತ. ಎಲ್ಲಾ ಮೊದಲೇ ಬರೆದಿಟ್ಟ ಸಂಗೀತವೇ, ಮತ್ತು ಬಹುತೇಕ ಎದುರಿಗೆ ಪುಸ್ತಕ ಇಲ್ಲದೆ ನುಡಿಸಬೇಕು. ನಮ್ಮ ಹಿಂದೂಸ್ತಾನಿ ಗಾಯಕರಿಗೆ ಬೈಠಕ್ಕಿನಲ್ಲಿ ರಾಗ ಬೆಳೆಸುವ ಸ್ವಾತಂತ್ರ್ಯ ಇದೆ. ಒಂದು ತಾನ್ ಬೇರೆ ದಾರಿ ಹಿಡಿದರೂ ಅದನ್ನು ಚಂದ ಮಾಡಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ತಂದು ಕೂಡಿಸಬಹುದು. ಇಲ್ಲಿ ಹಾಗಲ್ಲ. ಬೀಥೋವನ್ ಬರೆದ ಒಂದು ಸ್ವರ ತಪ್ಪಿದರೆ ಸಭೆಯಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಆರ್ಕೆಸ್ಟ್ರಾ ಜೊತೆ ನುಡಿಸುವಾಗ ಇನ್ನೂ ಕಷ್ಟ. ರಾಖ್ಮನಿನೋವ್‌ನ ಮೂರನೇ ಕಾನ್ಸರ್ಟೊ (ಪಿಯಾನೊ ಮತ್ತು ಆರ್ಕೆಸ್ಟ್ರಾಗೆಂದು ಬರೆದ ದೊಡ್ಡ ಕೃತಿ) ಸುಮಾರು ನಲವತ್ತು ನಿಮಿಷ ಇರುತ್ತದೆ. ಅಂಥದ್ದಕ್ಕೂ ಆರ್ಕೆಸ್ಟ್ರಾ ಜೊತೆ ಸಿಗೋದು ಸಾಮಾನ್ಯವಾಗಿ ಒಂದೆರಡು ರಿಹರ್ಸಲ್ ಅಷ್ಟೇ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರೋದಿಲ್ಲ. ಸಿತಾರ್‌ನವರು ತಮ್ಮ ಸಿತಾರ್ ತಾವೇ ಹೊತ್ತು ತರುತ್ತಾರೆ. ಪಿಯಾನೊದವರು ಆ ಊರಿನ ಸಭಾಂಗಣದಲ್ಲಿ ಯಾವುದಿದೆಯೋ ಅದನ್ನೇ ನುಡಿಸಬೇಕು. ಸ್ಟೈನ್‌ವೇ ಕಂಪನಿಯ ದೊಡ್ಡ ಕಾನ್ಸರ್ಟ್ ಪಿಯಾನೊ 274 ಸೆಂಟಿಮೀಟರ್ ಉದ್ದ, 480 ಕಿಲೋ ತೂಕ. ಹೊತ್ತು ತಿರುಗುವ ಮಾತೇ ಇಲ್ಲ. 1986ರಲ್ಲಿ ಹೆಸರಾಂತ ಪಿಯಾನೊ ಕಲಾವಿದ ಹೊರೊವಿಟ್ಸ್ ಮಾಸ್ಕೋಗೆ ಹೋದಾಗ ತಮ್ಮದೇ ಪಿಯಾನೊ ತರಿಸಿಕೊಂಡಿದ್ದರು. ಅದು ಹೊರೊವಿಟ್ಸ್‌ಗೆ ನಡೆಯಿತು. ಉಳಿದವರು ಬೆಳಿಗ್ಗೆ ಊರಿಗೆ ಬಂದು, ಗೊತ್ತಿಲ್ಲದ ವಾದ್ಯದ ಗುಣ ಒಂದೆರಡು ಗಂಟೆಯಲ್ಲಿ ತಿಳಿದುಕೊಂಡು, ಸಂಜೆ ನುಡಿಸಬೇಕು. ರಾತ್ರಿ ಹೋಟೆಲು, ಮರುದಿನ ಇನ್ನೊಂದು ಊರು. ಜೊತೆಗೆ ತಬಲಾದವರಿಲ್ಲ, ತಂಬೂರಿಯವರಿಲ್ಲ. ಒಂಟಿ ಕೆಲಸ ಇದು. ಇದನ್ನೂ ಮಗಳಿಗೆ ಈಗಲೇ ಹೇಳಿಡಿ.

ಅಂಥ ವೇದಿಕೆ ಸಿಗೋದು ಹೇಗೆ? ಬಹಳ ಜನರಿಗೆ ಸ್ಪರ್ಧೆಯ ಮೂಲಕ. ಪೋಲೆಂಡಿನ ವಾರ್ಸಾದಲ್ಲಿ 1927ರಲ್ಲಿ ಶುರುವಾದ, ಪಿಯಾನೊ ಸಂಗೀತ ಬರೆದ ಶೋಪಾನ್ ಹೆಸರಿನ ಸ್ಪರ್ಧೆ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ ವ್ಯಾನ್ ಕ್ಲೈಬರ್ನ್ ಸ್ಪರ್ಧೆ ಇದೆ. ಅಲ್ಲಿ 2022ರಲ್ಲಿ ಕೊರಿಯಾದ ಯುನ್‌ಚಾನ್ ಲಿಮ್ ಗೆದ್ದಾಗ ಅವನಿಗೆ ಬರೀ 18 ವರ್ಷ. ಕೆಲವರಿಗೆ ಅದೃಷ್ಟ ಬೇರೆ ಬಾಗಿಲಿಂದ ಬರುತ್ತದೆ. 1999ರಲ್ಲಿ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾ ಜೊತೆ ನುಡಿಸಬೇಕಿದ್ದ ಆಂಡ್ರೆ ವಾಟ್ಸ್ ಅವರಿಗೆ ಹುಷಾರಿಲ್ಲದೆ ಹೋಯಿತು. ಅವರ ಜಾಗದಲ್ಲಿ ಕೂತ ಚೀನಾದ ಹುಡುಗ ಲಾಂಗ್ ಲಾಂಗ್‌ಗೆ ಆಗ 17. ಅಲ್ಲಿಂದ ಅವನು ತಿರುಗಿ ನೋಡಲಿಲ್ಲ. ಆದರೆ ಅವನು ಮೂರನೇ ವಯಸ್ಸಿಗೇ ಪಿಯಾನೊ ಮುಂದೆ ಕೂತವನು, ಮಗನಿಗಾಗಿ ಅಪ್ಪ ಕೆಲಸ ಬಿಟ್ಟು ಬೀಜಿಂಗ್‌ಗೆ ಬಂದವರು. ಆ ಅಪ್ಪನ ದಾರಿ ನೀವು ಹಿಡಿಯಬೇಡಿ. ಮಗುವಿನ ಒಂದು ಕನಸಿಗೆ ಮನೆಯ ಸಂಬಳ ಪಣಕ್ಕಿಡೋದು ನನಗೆ ಒಪ್ಪಿಗೆ ಇಲ್ಲ. ಗೆದ್ದವರ ಕಥೆ ಮಾತ್ರ ನಮ್ಮ ಕಿವಿಗೆ ಬೀಳುತ್ತೆ, ಅಲ್ವಾ?

ತಡ ಆಯ್ತಾ ಅಂತ ಕೇಳಿದಿರಿ. ದೊಡ್ಡ ಸ್ಪರ್ಧೆಗಳ ಓಟಕ್ಕೆ, ನಿಜ ಹೇಳಬೇಕಂದರೆ, ತುಸು ತಡವೇ. ಅಲ್ಲಿರುವವರು ನಾಲ್ಕರಿಂದ ಏಳನೇ ವಯಸ್ಸಿನೊಳಗೆ ಶುರು ಮಾಡಿರುತ್ತಾರೆ. ಹಾಗಂತ ಬಾಗಿಲು ಮುಚ್ಚಿಲ್ಲ. ರಷ್ಯಾದ ಆರ್ಕಾಡಿ ವೊಲೊಡೋಸ್ ಚಿಕ್ಕಂದಿನಲ್ಲಿ ಪಿಯಾನೊ ನುಡಿಸುತ್ತಿದ್ದರೂ ಗಂಭೀರವಾಗಿ ಅಭ್ಯಾಸಕ್ಕೆ ಕೂತದ್ದು 1987ರಲ್ಲಿ, ಹದಿನೈದರ ಹರೆಯದಲ್ಲಿ. ಇನ್ನೊಬ್ಬ ದೊಡ್ಡ ಪಿಯಾನೊ ಕಲಾವಿದ ಸ್ವಿಯಾತೊಸ್ಲಾವ್ ರಿಕ್ಟರ್ ಮಾಸ್ಕೋ ಕನ್ಸರ್ವೇಟರಿ (ಸಂಗೀತ ಮಹಾವಿದ್ಯಾಲಯ) ಸೇರಿದಾಗ 22 ದಾಟಿತ್ತು. ಆದರೆ ಇಬ್ಬರೂ ಅದಕ್ಕೆ ಮೊದಲೇ ಸಂಗೀತದಲ್ಲಿ ಮುಳುಗಿದ್ದವರು. ವೊಲೊಡೋಸ್ ಹಾಡುಗಾರಿಕೆ ಕಲಿಯುತ್ತಿದ್ದರು. ರಿಕ್ಟರ್ ಒಡೆಸಾದ ಒಪೇರಾದಲ್ಲಿ ಗಾಯಕರಿಗೆ ಪಿಯಾನೊ ನುಡಿಸಿ ತಾಲೀಮು ಮಾಡಿಸುತ್ತಿದ್ದರು. ನಿಮ್ಮ ಮಗಳ ಎರಡು ವರ್ಷದ ಪೇಟಿ ದಂಡ ಆಗಿಲ್ಲ ಅಂತ ನಾನು ಹೇಳೋದು ಇದೇ ಕಾರಣಕ್ಕೆ. ಕಿವಿ ತಯಾರಾಗಿದೆ, ಲಯ ಕೂತಿದೆ. ಈಗ ಆಗಬೇಕಾದ್ದು ಕೈ.

ಕಲಬುರಗಿಯಲ್ಲಿ ಕೂತು ಇದೆಲ್ಲ ಆಗುತ್ತಾ ಅನ್ನೋ ಅನುಮಾನ ನಿಮ್ಮ ಪತ್ರದ ಸಾಲು ಸಾಲಲ್ಲೂ ಕಾಣುತ್ತದೆ. ಅದಕ್ಕೆ ಡಾಂಗ್ ಥಾಯ್ ಸೋನ್ ಅವರ ಕಥೆ ಹೇಳುತ್ತೇನೆ. ಅವರು 1958ರಲ್ಲಿ ವಿಯೆಟ್ನಾಮಿನ ಹನೋಯ್‌ನಲ್ಲಿ ಹುಟ್ಟಿದವರು. ಯುದ್ಧದ ಕಾಲ, ಬಾಂಬಿನ ಭಯ. ಸಂಗೀತ ಶಾಲೆಯನ್ನೇ ಹಳ್ಳಿಗೆ ಸಾಗಿಸಿದ್ದರು. ಬಾಲಕ ಸೋನ್ ಅಲ್ಲೇ, ಇದ್ದ ಹಳೇ ಪಿಯಾನೊ ಮೇಲೆ ಕಲಿತರು. 1974ರಲ್ಲಿ ಐಸಾಕ್ ಕಾಟ್ಸ್ ಎಂಬ ರಷ್ಯಾದ ಪಿಯಾನೊ ಗುರು ಅವರ ಕೈ ನೋಡಿ ಗುರುತಿಸಿದರು. 1977ಕ್ಕೆ ಮಾಸ್ಕೋ. 1980ರಲ್ಲಿ ವಾರ್ಸಾದ ಶೋಪಾನ್ ಸ್ಪರ್ಧೆ ಗೆದ್ದರು. ಅದನ್ನು ಗೆದ್ದ ಮೊದಲ ಏಷ್ಯಾದವರು ಅವರೇ. ಅದೇ ಸ್ಪರ್ಧೆಯನ್ನು 2021ರಲ್ಲಿ ಗೆದ್ದ ಬ್ರೂಸ್ ಲಿಯು, 2025ರಲ್ಲಿ ಗೆದ್ದ ಎರಿಕ್ ಲು ಇಬ್ಬರೂ ಅವರ ಹತ್ತಿರ ಕಲಿತವರು.

ಈ ಕಥೆ ಕೇಳಿ ‘ನೋಡಿ, ಬಡತನದಲ್ಲೂ ಗೆಲ್ಲಬಹುದು’ ಅಂತ ಸುಮ್ನೆ ಹೇಳಿಬಿಡೋದು ಸುಲಭ. ನಾನು ಇದರಲ್ಲಿ ನೋಡೋದು ಬೇರೆ. ಸೋನ್ ಅವರ ತಾಯಿ ಸ್ವತಃ ಪಿಯಾನೊ ಗುರು. ಒಳ್ಳೆಯ ಪಿಯಾನೊ ಇರಲಿಲ್ಲ, ಆದರೆ ತಪ್ಪು ಮಾಡಿದ ಕೂಡಲೇ ಹಿಡಿಯುವ ಕಣ್ಣು ಮನೆಯಲ್ಲೇ ಇತ್ತು. ನಮ್ಮ ಕಡೆ ತಂದೆತಾಯಿ ಇದನ್ನು ತಿರುಗಮುರುಗ ಮಾಡುತ್ತಾರೆ. ಸಾಲ ಮಾಡಿ ವಾದ್ಯ ತರುತ್ತಾರೆ, ಕಲಿಕೆಗೆ ಮೊಬೈಲ್ ವಿಡಿಯೊ ಸಾಕು ಅನ್ನುತ್ತಾರೆ.

ಈಗ ವಾದ್ಯದ ವಿಷಯ. ನಿಜವಾದ ತಂತಿ ಪಿಯಾನೊ ಈಗ ಕೊಳ್ಳಬೇಡಿ. ದುಡ್ಡಿನ ಮಾತು ಬಿಡಿ, ನಮ್ಮೂರ ಹವೆಯೇ ಅದಕ್ಕೆ ಒಗ್ಗೋದು ಕಷ್ಟ. ಪಿಯಾನೊ ಒಳಗೆ ಸುಮಾರು 230 ತಂತಿ, ಎಲ್ಲಾ ಸೇರಿ ಹದಿನೆಂಟು ಇಪ್ಪತ್ತು ಟನ್ ಎಳೆತ. ಅದರ ಕೆಳಗೆ ತೆಳು ಮರದ ಹಲಗೆ. ಮೇ ತಿಂಗಳಲ್ಲಿ 42 ಡಿಗ್ರಿ ಒಣ ಬಿಸಿಲಿಗೆ ಆ ಮರ ಕುಗ್ಗುತ್ತದೆ, ಸ್ವರ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಮರ ಉಬ್ಬುತ್ತದೆ, ಸ್ವರ ಏರುತ್ತದೆ. ಪ್ರತಿ ಸಲ ಟ್ಯೂನ್ ಮಾಡುವವರನ್ನು ದೊಡ್ಡ ಊರಿಂದ ಕರೆಸಬೇಕು. ಅದರ ಬದಲು ಡಿಜಿಟಲ್ ಪಿಯಾನೊ ತಗೊಳ್ಳಿ. 88 ಮನೆ (ಬೆರಳಿಂದ ಒತ್ತುವ ಕೀ) ಇರಬೇಕು, ಆ ಮನೆಗಳಿಗೆ ತೂಕ ಇರಬೇಕು. ಅಂಗಡಿಯಲ್ಲಿ ‘ವೇಟೆಡ್ ಹ್ಯಾಮರ್ ಆಕ್ಷನ್’ ಅಂತ ಕೇಳಿ. ಯಮಾಹಾ, ಕ್ಯಾಸಿಯೊ, ರೋಲ್ಯಾಂಡ್ ಕಂಪನಿಗಳ ಆರಂಭದ ಮಾಡೆಲ್‌ಗಳು ಸುಮಾರು ನಲವತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತವೆ. ಕಲಿಯುವ ಮಗುವಿಗೆ ಐದಾರು ವರ್ಷಕ್ಕೆ ಅದು ಧಾರಾಳ ಸಾಕು. ಕರೆಂಟ್ ಹೋದರೆ ಮಾತ್ರ ತೊಂದರೆ, ಅದಕ್ಕೆ ಮನೆಯ ಇನ್ವರ್ಟರ್ ಸಾಲುತ್ತದೆ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಒಂದು ಬಿಳಿ ಮನೆಯನ್ನು ಬಹಳ ನಿಧಾನವಾಗಿ, ಉಸಿರು ಬಿಡುವಷ್ಟು ಮೆಲ್ಲಗೆ, ತಳದ ತನಕ ಒತ್ತಿ. ಸದ್ದೇ ಬರಬಾರದು. ಆಮೇಲೆ ಅದೇ ಮನೆಯನ್ನು ಸಾಧಾರಣವಾಗಿ ಒತ್ತಿ, ಆಮೇಲೆ ಜೋರಾಗಿ. ಮೂರೂ ಬೇರೆ ಬೇರೆ ಆಗಿ ಕೇಳಬೇಕು. ಪಿಯಾನೊದಲ್ಲಿ ಮನೆ ಕೆಳಗೆ ಹೋಗೋದು ಒಂದು ಸೆಂಟಿಮೀಟರಿನಷ್ಟು. ಅಷ್ಟು ದೂರವನ್ನು ಬೆರಳು ಎಷ್ಟು ವೇಗವಾಗಿ ದಾಟಿತು ಅನ್ನೋದರ ಮೇಲೆ ಒಳಗಿನ ಸುತ್ತಿಗೆ ತಂತಿಗೆ ಬಡಿಯುವ ಪೆಟ್ಟು ನಿಂತಿದೆ. ಪೇಟಿಯಲ್ಲಿ ಹೀಗಿಲ್ಲ. ಅಲ್ಲಿ ಮನೆಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ, ಸ್ವರ ಹಿಗ್ಗಿಸೋದು ಕುಗ್ಗಿಸೋದು ಎಲ್ಲಾ ತಿದಿಯ ಗಾಳಿ. ಹಾಗಾಗಿ ಪೇಟಿ ಕಲಿತ ಮಕ್ಕಳ ಬೆರಳು ಓಡುತ್ತದೆ, ಆದರೆ ಎಲ್ಲಾ ಸ್ವರವೂ ಒಂದೇ ತೂಕದಲ್ಲಿ ಬೀಳುತ್ತದೆ. ಇದು ನಾನು ಮತ್ತೆ ಮತ್ತೆ ನೋಡುವ ಲಕ್ಷಣ. ಎಡಗೈ ಇಷ್ಟು ದಿನ ತಿದಿ ಒತ್ತಿದೆ ಅಷ್ಟೇ, ಒಂದು ಬೆರಳೂ ಬೇರೆಯಾಗಿ ದುಡಿದಿಲ್ಲ. ಅದನ್ನು ಬಲಗೈ ಸಮಕ್ಕೆ ತರೋಕೆ ತಾಳ್ಮೆ ಬೇಕು.

ಗುರು ಹೇಗೆ ಕಂಡುಹಿಡಿಯೋದು? ಮೊದಲು ಊರಲ್ಲೇ ವಿಚಾರಿಸಿ. ಕಲಬುರಗಿ, ಬೀದರ್, ಯಾದಗಿರಿಯ ಹಳೆಯ ಮೆಥಡಿಸ್ಟ್ ಚರ್ಚುಗಳ ಕ್ವಾಯರಿನಲ್ಲಿ (ಹಾಡುವ ತಂಡದಲ್ಲಿ) ಸ್ಟಾಫ್ ನೊಟೇಶನ್ ಓದುವವರು ಸಿಗಬಹುದು. ಐದು ಗೆರೆಯ ಮೇಲೆ ಸ್ವರ ಓದೋದನ್ನು ಅವರೇ ಕಲಿಸಿಕೊಟ್ಟರೆ ಅರ್ಧ ಭಾರ ಇಳಿದ ಹಾಗೆ. ಆಮೇಲೆ ವಾರಕ್ಕೊಂದು ಆನ್‌ಲೈನ್ ಪಾಠ, ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿ ಎದುರು ಕೂತು ಪಾಠ. ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ, ಬೆಳಿಗ್ಗೆ ಹೋಗಿ ರಾತ್ರಿಗೆ ಬರಬಹುದು.

ಆನ್‌ಲೈನ್ ಪಾಠದಲ್ಲಿ ಮೊಬೈಲನ್ನು ಮುಖಕ್ಕೆ ಹಿಡಿಯಬೇಡಿ. ಮುಖ ನೋಡಿ ಗುರು ಏನು ಮಾಡಬೇಕು? ಪಕ್ಕದಲ್ಲಿ, ಮಣಿಕಟ್ಟಿನ ಎತ್ತರಕ್ಕೆ ಇಡಿ. ಸಿ ಮೇಜರ್ ಸ್ಕೇಲ್ (ಬರೀ ಬಿಳಿ ಮನೆಗಳ ಮೇಲಿನ ಸರಿಗಮ) ನುಡಿಸುವಾಗ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರು ಮನೆ ಮುಗಿಸುತ್ತವೆ. ನಾಲ್ಕನೆಯ ಮನೆಗೆ ಹೆಬ್ಬೆರಳು ನಡುಬೆರಳಿನ ಕೆಳಗಿಂದ ನುಸುಳಿ ಬರಬೇಕು. ಹಾಗೆ ನುಸುಳುವಾಗ ಮೊಣಕೈ ಹೊರಗೆ ಹಾರಿದರೆ, ಮಣಿಕಟ್ಟು ಕುಸಿದರೆ, ಅಥವಾ ಹೆಬ್ಬೆರಳ ಸ್ವರ ಮಾತ್ರ ‘ಧಡ್’ ಅಂತ ಜೋರಾಗಿ ಬಂದರೆ ಆವತ್ತಿನ ಪಾಠ ಅದೇ. ಹೊಸ ಹಾಡು ಕೊಡಬಾರದು. ಒಂದು ತರಗತಿಯಲ್ಲಿ ಇಂಥದ್ದನ್ನು ಹಿಡಿದು ಕೂರುವ ಗುರು ಸಿಕ್ಕರೆ ಬಿಡಬೇಡಿ. ಮೂರನೇ ತಿಂಗಳಿಗೇ ಸಿನಿಮಾ ಹಾಡು ನುಡಿಸಿ ತೋರಿಸುವ ಕ್ಲಾಸುಗಳು ಬೇಕಾದಷ್ಟಿವೆ. ತಂದೆತಾಯಿಗೆ ಖುಷಿ ಆಗುತ್ತೆ, ಮಗುವಿನ ಕೈ ಕೆಡುತ್ತೆ.

ದಿನಕ್ಕೆ ಎಷ್ಟು ಹೊತ್ತು? ಈ ವಯಸ್ಸಿಗೆ ಒಂದು ಗಂಟೆ ಸಾಕು, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಶೋಪಾನ್ ತಮ್ಮ ದೊಡ್ಡ ಶಿಷ್ಯರಿಗೇ ಮೂರು ಗಂಟೆ ಮೀರಬೇಡಿ ಅನ್ನುತ್ತಿದ್ದರು. ಹಟಕ್ಕೆ ಬಿದ್ದು ಕೈಗೆ ಪೆಟ್ಟು ಮಾಡಿಕೊಂಡವರು ಈ ಕ್ಷೇತ್ರದಲ್ಲಿ ಬಹಳ. ಅಮೆರಿಕದ ಲಿಯೊನ್ ಫ್ಲೈಶರ್ 1960ರ ದಶಕದಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗಲೇ, ಬಲಗೈಯ ಬೆರಳುಗಳ ಹಿಡಿತ ಕಳೆದುಕೊಂಡರು. ದಶಕಗಳ ಕಾಲ ಎಡಗೈಗೆಂದೇ ಬರೆದ ಸಂಗೀತ ನುಡಿಸಿದರು, ಕಲಿಸಿದರು. 2017ರಲ್ಲಿ ಲಾಂಗ್ ಲಾಂಗ್ ಎಡಗೈ ನೋವಿಂದ ಒಂದು ವರ್ಷದಷ್ಟು ಕಾಲ ವೇದಿಕೆಯಿಂದ ದೂರ ಉಳಿಯಬೇಕಾಯಿತು. ಮಗಳು ‘ಕೈ ನೋಯ್ತದ’ ಅಂದರೆ ಅವತ್ತಿಗೆ ಮುಚ್ಚಿಟ್ಟುಬಿಡಿ. ನೋವು ಸಹಿಸಿ ನುಡಿಸೋದು ಸಾಧನೆ ಅಲ್ಲ.

ಪರೀಕ್ಷೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಟ್ರಿನಿಟಿ ಕಾಲೇಜ್ ಲಂಡನ್, ಎಬಿಆರ್‌ಎಸ್‌ಎಂ ಅನ್ನೋವು ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಗಳು, ಎರಡೂ ಎಂಟು ಗ್ರೇಡ್ ಪರೀಕ್ಷೆ ನಡೆಸುತ್ತವೆ. 2020ರಿಂದ ಮನೆಯಲ್ಲೇ ನುಡಿಸಿ ವಿಡಿಯೊ ಕಳಿಸುವ ಸೌಲಭ್ಯ ಬಂದಿದೆ, ನಮ್ಮಂಥ ಊರಿನವರಿಗೆ ಅದು ದೊಡ್ಡ ಅನುಕೂಲ. ಆದರೆ ವರ್ಷಕ್ಕೊಂದು ಗ್ರೇಡ್ ಅಂತ ಓಡಿಸಬೇಡಿ. ಮೂರು ಹಾಡು ಬಾಯಿಪಾಠ ಮಾಡಿ ಪಾಸಾಗಿ, ನಾಲ್ಕನೆಯದನ್ನು ಓದೋಕೂ ಬಾರದ ಮಕ್ಕಳು ಇದ್ದಾರೆ. ಎರಡು ಮೂರು ಗ್ರೇಡಿಗೊಂದು ಪರೀಕ್ಷೆ ಸಾಕು. ಎಂಟನೇ ಗ್ರೇಡ್ ಅಂದರೆ ಪಿಯುಸಿ ಮುಗಿಸಿದ ಹಾಗೆ, ಅಷ್ಟೇ. ಅಸಲಿ ಓದು ಆಮೇಲೆ. ಹೊರದೇಶದ ಕನ್ಸರ್ವೇಟರಿಗಳಲ್ಲಿ ಪ್ರವೇಶಕ್ಕೆ ಸಾಮಾನ್ಯವಾಗಿ ಬಾಖ್‌ನ ಒಂದು ಪ್ರೆಲ್ಯೂಡ್ ಮತ್ತು ಫ್ಯೂಗ್, ಹೈಡನ್, ಮೊಜಾರ್ಟ್ ಅಥವಾ ಬೀಥೋವನ್‌ನ ಸೊನಾಟಾ, ಶೋಪಾನ್‌ನ ಎಟ್ಯೂಡ್ (ಇವೆಲ್ಲ ಬೇರೆ ಬೇರೆ ಬಗೆಯ ಕೃತಿಗಳ ಹೆಸರು), ಜೊತೆಗೆ ಒಂದು ದೊಡ್ಡ ಕೃತಿ ಕೇಳುತ್ತಾರೆ. ಸರ್ಟಿಫಿಕೇಟ್ ನೋಡೋದಿಲ್ಲ, ಕೈ ನೋಡುತ್ತಾರೆ.

ಶಾಲೆ ಬಿಡಿಸೋದು ಬೇಡವೇ ಬೇಡ. ಹೊರಗೆ ಓದೋಕೆ ಹೋಗೋದಾದರೂ ಬಹಳ ಕಡೆ ಪಿಯುಸಿ ಮುಗಿದಿರಬೇಕು. ಹತ್ತನೇ ಕ್ಲಾಸಿನ ಹೊತ್ತಿಗೆ ನಿಮಗೂ ಅವಳಿಗೂ ಒಂದು ಅಂದಾಜು ಸಿಕ್ಕಿರುತ್ತದೆ. ಆಗ ಗುರುಗಳಿಗೆ ನೇರವಾಗಿ ಕೇಳಿ. ಅವಳ ಗುರುವಿಗಷ್ಟೇ ಅಲ್ಲ, ಅವಳನ್ನು ಮೊದಲು ನೋಡಿರದ ಇನ್ನೊಬ್ಬರಿಗೂ ನುಡಿಸಿ ತೋರಿಸಿ ಕೇಳಿ.

ಆಗಲೂ ಉತ್ಸಾಹ ಇದ್ದರೆ ದಾರಿಗಳಿವೆ. ಎ.ಆರ್. ರೆಹಮಾನ್ 2008ರಲ್ಲಿ ಚೆನ್ನೈಯಲ್ಲಿ ಶುರು ಮಾಡಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇದೆ. 1987ರಿಂದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಅಮೆರಿಕದ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯಲ್ಲಿ ಆಯ್ಕೆಯಾದ ಎಲ್ಲರಿಗೂ ಟ್ಯೂಷನ್ ಪೂರ್ತಿ ಉಚಿತ, ಆದರೆ ಸೀಟು ಸಿಗೋದು ಬಲು ಕಷ್ಟ. ಜರ್ಮನಿಯ ಬಹಳಷ್ಟು ಸರಕಾರಿ ಸಂಗೀತ ವಿದ್ಯಾಲಯಗಳಲ್ಲಿ ಟ್ಯೂಷನ್ ಫೀ ಇಲ್ಲ, ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ಫೀ ಇಲ್ಲ ಅಂದ ಕೂಡಲೇ ಖುಷಿ ಪಡಬೇಡಿ. ವೀಸಾಕ್ಕೆ ಒಂದು ವರ್ಷದ ಊಟ-ವಸತಿಯ ಖರ್ಚು ಅಂತ 11,904 ಯೂರೊ ಬ್ಯಾಂಕಿನಲ್ಲಿ ತೋರಿಸಬೇಕು, ಅಂದರೆ ಹತ್ತು ಲಕ್ಷಕ್ಕೂ ಜಾಸ್ತಿ. ಜರ್ಮನ್ ಭಾಷೆಯೂ ಬರಬೇಕು. ಲೆಕ್ಕ ಬರೆಯುವವರು ನೀವು, ಇದನ್ನು ನನಗಿಂತ ಚೆನ್ನಾಗಿ ತೂಗಿ ನೋಡುತ್ತೀರಿ.

ಹೊಟ್ಟೆಪಾಡು? ವೇದಿಕೆ ಕಲಾವಿದೆ ಆಗದೆ ಹೋದರೂ ಪಿಯಾನೊ ಬಲ್ಲವರಿಗೆ ಕೆಲಸ ಇದೆ. ಬೆಂಗಳೂರು, ಹೈದರಾಬಾದಿನ ದೊಡ್ಡ ಶಾಲೆಗಳಿಗೆ ಪಾಶ್ಚಾತ್ಯ ಸಂಗೀತದ ಶಿಕ್ಷಕರು ಬೇಕು. ಗಾಯಕರಿಗೆ, ಪಿಟೀಲಿನವರಿಗೆ ಜೊತೆ ನುಡಿಸುವವರು ಬೇಕು. ನನ್ನ ಲೆಕ್ಕದಲ್ಲಿ ಈ ಜೊತೆ ನುಡಿಸುವ ಕಲೆ ಕಲಿತವರಿಗೆ ಕೆಲಸ ಬೇಗ ಸಿಗುತ್ತದೆ, ಬಿಟ್ಟುಹೋಗೋದೂ ಕಡಿಮೆ. ಸ್ಟುಡಿಯೊ ಇದೆ, ಸಿನಿಮಾ ಇದೆ. ಸ್ವಂತ ಕ್ಲಾಸು ಇದೆ. ಹೊರಗಿನ ದೊಡ್ಡ ಕಲಾವಿದರಲ್ಲೂ ಬಹಳ ಜನ ವೇದಿಕೆ ಜೊತೆಗೆ ಪಾಠ ಹೇಳಿಯೇ ಬದುಕು ನಡೆಸುತ್ತಾರೆ. ನಮ್ಮದೇ ದಾರಿ ಮಾಡಿಕೊಂಡವರೂ ಇದ್ದಾರೆ. ಚೆನ್ನೈನ ಅನಿಲ್ ಶ್ರೀನಿವಾಸನ್ ಕರ್ನಾಟಕ ಸಂಗೀತದ ಗಾಯಕ ಸಿಕ್ಕಿಲ್ ಗುರುಚರಣ್ ಜೊತೆ ಪಿಯಾನೊ ನುಡಿಸುತ್ತಾರೆ. ಉತ್ಸವ್ ಲಾಲ್ ಪಿಯಾನೊದಲ್ಲಿ ಹಿಂದೂಸ್ತಾನಿ ರಾಗ ನುಡಿಸುತ್ತಾರೆ. ಪಿಯಾನೊದ ಸ್ವರ ಜಾರೋದಿಲ್ಲ, ಮೀಂಡ್ ಬರೋದಿಲ್ಲ. ಆ ಮಿತಿ ಇಟ್ಟುಕೊಂಡೇ ರಾಗ ಕೇಳಿಸೋದು ಹೇಗೆ ಅನ್ನೋದನ್ನು ನಿಮ್ಮ ಮಗಳಂಥ ಪೇಟಿ ಬಲ್ಲ ಮಕ್ಕಳೇ ಬೇಗ ಹಿಡಿಯೋದು.

ಅದಕ್ಕೇ ನಿಮ್ಮ ಕೊನೇ ಪ್ರಶ್ನೆಗೆ ಉತ್ತರ: ಪೇಟಿ ಬಿಡಿಸಬೇಡಿ. ಪೇಟಿಗೂ ಮೀಂಡ್ ಇಲ್ಲ ಅಂತ ಆಕಾಶವಾಣಿಯೇ ಅದನ್ನು 1940ರಿಂದ 1971ರ ತನಕ ಹೊರಗಿಟ್ಟಿತ್ತು. ಆದರೂ ನಮ್ಮ ಭಜನೆ, ವಚನ, ತತ್ವಪದ ಯಾವುದೂ ಅದನ್ನು ಬಿಡಲಿಲ್ಲ. ಮಾಸ್ತರ ಹತ್ತಿರ ವಾರಕ್ಕೊಂದೆರಡು ದಿನ ಹೋಗಲಿ, ಭಜನೆಗೆ ಕೂರಲಿ, ನಾಲ್ಕು ಜನರ ಎದುರು ನುಡಿಸುವ ಧೈರ್ಯ ಅಲ್ಲಿ ಬರುತ್ತೆ. ಒಂದು ಮಾತ್ರ ನೋಡಿಕೊಳ್ಳಿ: ಪೇಟಿ ನುಡಿಸಿದ ಕೂಡಲೇ ಪಿಯಾನೊ ಮುಂದೆ ಕೂರಿಸಬೇಡಿ. ನಡುವೆ ಅರ್ಧ ಗಂಟೆ ಬಿಡುವು ಇರಲಿ. ಪಿಯಾನೊ ಶುರು ಮಾಡುವಾಗ ಮೊದಲ ಹತ್ತು ನಿಮಿಷ ಬರೀ ಎಡಗೈ ನುಡಿಸಲಿ. ಹೈದರಾಬಾದಿನ ಗುರು ಸಿಕ್ಕಿದ ಮೇಲೆ ಮೊದಲ ಪಾಠಕ್ಕೆ ನೀವೂ ಜೊತೆಗೆ ಕೂತು, ಹೆಬ್ಬೆರಳು ಹೇಗೆ ನುಸುಳಬೇಕು ಅನ್ನೋದನ್ನು ಕಣ್ಣಾರೆ ನೋಡಿಕೊಂಡು ಬನ್ನಿ. ಉಳಿದ ದಿನ ಮನೆಯಲ್ಲಿ ನೋಡೋರು ನೀವೇ ತಾನೇ.